ತಾಮ್ರದ ತಗಡಿನಲ್ಲಿ ಉಳಿದ ಲಂಡನ್

ಥೇಮ್ಸ್ ನದಿಯ ದಕ್ಷಿಣ ದಡದ ಇಗರ್ಜಿಯೊಂದರ ಗೋಪುರವನ್ನೇರಿ ನಿಂತು, ಕಣ್ಣೆದುರಿನ ಲಂಡನ್ ನಗರವನ್ನು ಮನೆಮನೆಯಾಗಿ ಗೆರೆಗಳಲ್ಲಿ ಹಿಡಿದಿಟ್ಟವನು ವೆನ್ಸೆಸ್ಲಾಸ್ ಹೊಲ್ಲಾರ್. 1607ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದ ಈತ ಆರಂಡಲ್ ಪ್ರಭುವಿನ ಆಶ್ರಯದಲ್ಲಿ ಇಂಗ್ಲೆಂಡಿಗೆ ಬಂದು, ಅಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಆಂಟ್‌ವರ್ಪ್ ನಗರವನ್ನು ಸೇರಿದನು. ಹಿಂದೆ ಬರೆದಿಟ್ಟುಕೊಂಡಿದ್ದ ರೇಖಾಚಿತ್ರಗಳ ಆಧಾರದಿಂದ ಅಲ್ಲಿಯೇ ತಯಾರಿಸಿದ ಈ ಉದ್ದನೆಯ ಚಿತ್ರ 1647ರಲ್ಲಿ ಅಚ್ಚಾಯಿತು. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀಚಿ, ಆಮ್ಲದಲ್ಲಿ ಅದ್ದಿದರೆ ಗೀಚಿದೆಡೆಯನ್ನಷ್ಟೇ ಆಮ್ಲ ಕೊರೆಯುತ್ತದೆ. ಆ ಗೆರೆಗಳಲ್ಲಿ ಶಾಯಿ ತುಂಬಿ ಕಾಗದಕ್ಕೆ ಒತ್ತುವುದೇ ಈ ಕಲೆಯ ಕ್ರಮ.

ಚಿತ್ರದ ಎಡತುದಿಯಲ್ಲಿ, ಬಹು ದೂರದಲ್ಲಿ, ವೈಟ್‌ಹಾಲ್ ಅರಮನೆ ಪುಟ್ಟದಾಗಿ ಕಾಣುತ್ತದೆ. ಚಿತ್ರ ಅಚ್ಚಾದ ವರ್ಷ ಅರಸ ಮೊದಲನೆಯ ಚಾರ್ಲ್ಸ್ ಸೆರೆಯಾಳು! ಅರಮನೆ ಕಿರಿದಾದುದು ಚಿತ್ರಕಾರನ ಇಂಗಿತವೆಂದು ಊಹಿಸಲು ಆಸೆಯಾಗುತ್ತದೆ. ಆದರೆ ಅದು ಗೋಪುರದಿಂದ ಕಂಡ ಸಹಜವಾದ ದೂರವೆನ್ನುವುದೇ ನ್ಯಾಯ. ಕಣ್ಣು ತುಂಬುವುದು ನಗರದ ಸ್ವಂತ ಆಸ್ತಿ. 1209ರಲ್ಲಿ ಪೂರ್ಣಗೊಂಡ, ಮನೆಗಳನ್ನು ಹೊತ್ತ ಕಲ್ಲಿನ ಸೇತುವೆಯ ಮೇಲ್ವಿಚಾರಣೆ ನಗರದವರದೇ. ಅದರ ದಕ್ಷಿಣದ ಹೆಬ್ಬಾಗಿಲಿನ ಮೇಲೆ ರಾಜದ್ರೋಹಿಗಳ ತಲೆಗಳನ್ನು ಕೋಲಿಗೆ ಸಿಕ್ಕಿಸಿಡುವ ಪದ್ಧತಿಯಿತ್ತು. ಊರು ಹೊಗುವವನಿಗೆ ಬೇರೆ ಎಚ್ಚರಿಕೆ ಬೇಕಿರಲಿಲ್ಲ. ಆಚೆಗೆ, 1571ರಲ್ಲಿ ಎಲಿಜಬೆತ್ ರಾಣಿ ಉದ್ಘಾಟಿಸಿದ ರಾಯಲ್ ಎಕ್ಸ್‌ಚೇಂಜ್ ಎಂಬ ವರ್ತಕರ ಭವನ. ಹೆಸರು ರಾಜನದಾದರೂ ಆ ಕಟ್ಟಡದ ಲಾಂಛನ ಸಿಂಹವಲ್ಲ, ಮಿಡತೆ. ಕಟ್ಟಿಸಿದ ಗ್ರೆಶಂ ವರ್ತಕನ ಮನೆತನದ ಗುರುತು ಅದು.

ಇಷ್ಟು ನಿಷ್ಠನಾದ ಹೊಲ್ಲಾರನೂ ಒಂದೆಡೆ ಎಡವಿದ್ದಾನೆ. ಶೇಕ್ಸ್‌ಪಿಯರನ ನಾಟಕಗಳಾಡಿದ ಗ್ಲೋಬ್ ರಂಗಮಂದಿರಕ್ಕೂ, ಕರಡಿಯನ್ನು ಕಟ್ಟಿ ನಾಯಿಗಳನ್ನು ಛೂ ಬಿಡುತ್ತಿದ್ದ ಮನೆಗೂ ಹೆಸರುಗಳು ಅದಲುಬದಲಾಗಿವೆ. ಆದರೂ 1997ರಲ್ಲಿ ಗ್ಲೋಬನ್ನು ಮತ್ತೆ ಕಟ್ಟಿ ತೆರೆದವರಿಗೆ ಅವನ ರೇಖಾಚಿತ್ರವೇ ಮುಖ್ಯ ಆಧಾರಗಳಲ್ಲೊಂದಾಯಿತು.

1666ರ ಸೆಪ್ಟೆಂಬರಿನಲ್ಲಿ ಬೆಂಕಿ ಎದ್ದಿತು. ಸುಮಾರು 13,200 ಮನೆಗಳೂ ಸೇಂಟ್ ಪಾಲ್ ಮಹಾಮಂದಿರವೂ ವರ್ತಕರ ಭವನವೂ ಸುಟ್ಟುಹೋದವು. ಅಷ್ಟರಲ್ಲಿ ಲಂಡನ್ನಿಗೆ ಮರಳಿದ್ದ ಹೊಲ್ಲಾರ್ ಅದೇ ಗೋಪುರದ ನೋಟವನ್ನು ಒಂದೇ ಹಾಳೆಯಲ್ಲಿ ಎರಡು ಸಲ ಕೊರೆದನು: ಮೇಲೆ ತುಂಬಿ ತುಳುಕುವ ನಗರ, ಕೆಳಗೆ ಮಾಡಿಲ್ಲದ ಗೋಡೆಗಳ ಸಾಲು.

ಗಂಟೆಗೆ ನಾಲ್ಕು ಪೆನ್ನಿಯ ಕೂಲಿಗೆ, ಮರಳುಗಡಿಯಾರವನ್ನು ಎದುರಿಗಿಟ್ಟುಕೊಂಡು ಅವನು ದುಡಿಯುತ್ತಿದ್ದನಂತೆ. ಯಾರಾದರೂ ಮಾತಿಗೆ ನಿಂತರೆ ಗಡಿಯಾರವನ್ನು ಮಲಗಿಸಿಬಿಡುತ್ತಿದ್ದನಂತೆ. ಸುಮಾರು 2,700 ಚಿತ್ರಗಳನ್ನು ಕೊರೆದ ಮೇಲೂ ಬಡತನ ನೀಗಲಿಲ್ಲ. 1677ರಲ್ಲಿ ಅವನು ಸಾವಿನ ಹಾಸಿಗೆಯಲ್ಲಿದ್ದಾಗ ಅಮೀನರು ಜಪ್ತಿಗೆ ಬಂದರೆಂದೂ, ಪ್ರಾಣ ಹೋಗುವವರೆಗೆ ಈ ಮಂಚವೊಂದನ್ನು ಬಿಡಿರೆಂದು ಅವನು ಬೇಡಿಕೊಂಡನೆಂದೂ ಹೇಳುತ್ತಾರೆ.