ಹಳೆ ಸೀರೆಗೆ ಹೊಸ ನಂಟು: ಅಂಚೆಯಲ್ಲಿ ಕೌದಿ ತುಂಡುಗಳ ವಿನಿಮಯ



ಹಟ್ಟಿಯಲ್ಲಿ ಕರೆಯುವ ದನ ಇರುವ ಮನೆಯ ಹೆಂಗಸಿಗೆ ಊರು ಬಿಟ್ಟು ಹೋಗುವುದು ಎಷ್ಟು ಕಷ್ಟ ಎಂದು ನಿಮಗೆ ಹೇಳಬೇಕಾಗಿಲ್ಲ. ಮದುವೆಗೆ ಹೋದರೂ ಊಟ ಮುಗಿದ ಕೂಡಲೇ ಎದ್ದು ಬರಬೇಕು. ತವರುಮನೆಗೆ ಹೋದರೂ ಸಂಜೆಯ ಬಸ್ಸಿಗೆ ವಾಪಸು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಲು ಕರೆಯಲೇಬೇಕು. ಹೀಗಾಗಿ ನಮ್ಮಲ್ಲಿ ಹಲವರ ಸ್ನೇಹ ಡೈರಿಯ ಸಾಲಿನಲ್ಲಿ ನಿಂತಷ್ಟು ಹೊತ್ತಿಗೆ ಮುಗಿಯುತ್ತದೆ.

ನಾವು ಹೋಗಲಾಗದ ಕಡೆಗೆ ನಮ್ಮ ಕೈಕೆಲಸ ಹೋಗಬಹುದಲ್ಲ? ಪುಂಜಾಲಕಟ್ಟೆಯಲ್ಲಿ ಕುಳಿತು ಹೊಲಿದ ಒಂದು ತುಂಡು ಯಲ್ಲಾಪುರಕ್ಕೋ ಧಾರವಾಡಕ್ಕೋ ಹೋಗಿ, ಅಲ್ಲಿಯ ಒಬ್ಬ ತಂಗಿಯ ತುಂಡು ನಿಮ್ಮ ಮನೆಗೆ ಬರಬಹುದು. ಎರಡೂ ಕಡೆಯ ತುಂಡು ಸೇರಿ ಒಂದು ಕೌದಿ ಆಗಬಹುದು. ಬೇರೆ ದೇಶಗಳಲ್ಲಿ ಕೌದಿ ಹೊಲಿಯುವ ಹೆಂಗಸರು ಅಂಚೆಯ ಮೂಲಕ ಹೀಗೆ ಬಟ್ಟೆ ಮತ್ತು ತುಂಡುಗಳನ್ನು ಬದಲಿಸಿಕೊಳ್ಳುವುದು ಹಳೆಯ ರೂಢಿ. ನಾವೂ ಮಾಡಬಹುದಾದದ್ದು, ದೊಡ್ಡ ಖರ್ಚೂ ಇಲ್ಲ.

ನಮ್ಮ ರಾಜ್ಯದ ಕೌದಿಗಳು

ನಮ್ಮ ಕರಾವಳಿಯಲ್ಲಿ ಚಾಪೆಯ ರೂಢಿ ಹೆಚ್ಚು. ಆದರೆ ಆಟಿಯ ಮಳೆಗೆ ಹಳೆ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಹೊದಿಕೆಯ ಬೆಚ್ಚಗೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಉತ್ತರ ಕರ್ನಾಟಕದಲ್ಲಿ ಇದೇ ಕೌದಿ. ಅಜ್ಜಿಯ ಸೀರೆ, ಅಪ್ಪನ ಪಂಚೆ, ಮಕ್ಕಳ ಅಂಗಿ ಎಲ್ಲವೂ ಅದರಲ್ಲಿ ಸೇರುತ್ತವೆ.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಗೆ ಇಂದು ಹೊರದೇಶಗಳಲ್ಲೂ ಹೆಸರಿದೆ. ಅವರು ಅದನ್ನು ಕವಂದಿ ಎನ್ನುತ್ತಾರೆ. ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ತುಂಡುಗಳನ್ನು ಇಡುತ್ತಾ, ಹೊಲಿಯುತ್ತಾ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಕೊನೆಗೆ ಮೂಲೆಗಳಲ್ಲಿ ಬಟ್ಟೆಯನ್ನು ಮಡಚಿ ಮಾಡಿದ ಮುಕ್ಕೋನದ ‘ಫುಲಾ’, ಅಂದರೆ ಹೂವು, ಇಡುತ್ತಾರೆ. ಅದಿಲ್ಲದಿದ್ದರೆ ಕೌದಿ ಪೂರ್ಣ ಆಗುವುದಿಲ್ಲ ಎಂಬುದು ಅವರ ನಂಬಿಕೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಈ ಕೌದಿಗಳನ್ನು ಅಭ್ಯಾಸ ಮಾಡಿ ಹೊರಗಿನವರಿಗೆ ಪರಿಚಯಿಸಿದರು. ಸಿದ್ದಿ ಹೆಂಗಸರು ತಮ್ಮದೇ ಕೌದಿ ಸಹಕಾರಿಯನ್ನೂ ಕಟ್ಟಿಕೊಂಡರು.

ಸಹಕಾರದ ಮಾತು ಬಂದಾಗ ಇನ್ನೊಂದನ್ನು ಹೇಳಬೇಕು. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಬಡ ಕಪ್ಪು ಹೆಂಗಸರು 1966ರಲ್ಲಿ ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಎಂಬ ಸಹಕಾರಿಯನ್ನು ಆರಂಭಿಸಿ, ಕೌದಿ ಹೊಲಿದು ಮಾರಿ ಸ್ವಂತ ದುಡಿಮೆ ಕಂಡರು. ಅದೇ ಸೀಮೆಯ ಜೀಸ್ ಬೆಂಡ್ ಎಂಬ ಹಳ್ಳಿಯ ಕೌದಿಗಳ ಚಿತ್ರವಿರುವ ಅಂಚೆಚೀಟಿಗಳನ್ನು ಅಲ್ಲಿಯ ಅಂಚೆ ಇಲಾಖೆ 2006ರಲ್ಲಿ ಹೊರತಂದಿತು. ಅದಕ್ಕೂ ಬಹಳ ಹಿಂದೆ, 1840ರ ದಶಕದಲ್ಲಿ, ಅಮೆರಿಕದ ಪೂರ್ವ ಭಾಗದಲ್ಲಿ ಸ್ನೇಹದ ಕೌದಿಗಳ ರೂಢಿ ಬೆಳೆದಿತ್ತು. ದೂರಕ್ಕೆ ಹೊರಟ ಗೆಳತಿಗೆ ಒಬ್ಬೊಬ್ಬರು ಒಂದೊಂದು ತುಂಡು ಹೊಲಿದು, ಅದರ ಮೇಲೆ ಶಾಯಿಯಲ್ಲಿ ಹೆಸರು ಬರೆದು ಕೊಡುತ್ತಿದ್ದರು.

ಬದಲಿಸುವುದು ಬಟ್ಟೆಯೋ, ತುಂಡೋ?

ಮೊದಲು ಇದನ್ನು ತೀರ್ಮಾನಿಸಿ. ಸಿದ್ದಿ ಹೆಂಗಸರ ಹಾಗೆ ಅಂಚಿನಿಂದ ನಡುವಿಗೆ ಹೊಲಿಯುವ ಕೌದಿ ಒಂದೇ ಓಟದಲ್ಲಿ ಬೆಳೆಯುವಂಥದ್ದು. ಅದಕ್ಕೆ ಬೇರೆಯವರಿಂದ ಬಟ್ಟೆ ಮಾತ್ರ ಬೇಕು, ಅಳತೆಯ ಚಿಂತೆ ಇಲ್ಲ. ಚೌಕ ತುಂಡುಗಳನ್ನು ಜೋಡಿಸುವ ಕೌದಿಗಾದರೆ ಹೊಲಿದ ತುಂಡುಗಳನ್ನೇ ಬದಲಿಸಬಹುದು. ಆಗ ಅಳತೆ ಎಲ್ಲರದೂ ಒಂದೇ ಇರಬೇಕು.

ಮೊದಲ ಸಲ ಇಬ್ಬರೇ ಬದಲಿಸಿ ನೋಡಿ. ಕೈ ಕುದುರಿದ ಮೇಲೆ ಹನ್ನೆರಡು ಮಂದಿ ಸೇರಿ. ಲೆಕ್ಕ ಸುಲಭ. ಒಬ್ಬೊಬ್ಬರು ಹನ್ನೆರಡು ತುಂಡು ಮಾಡಿ, ಜವಾಬ್ದಾರಿ ವಹಿಸಿಕೊಂಡ ಒಬ್ಬಾಕೆಗೆ ಕಳಿಸಬೇಕು. ಆಕೆ ಎಲ್ಲವನ್ನೂ ವಿಂಗಡಿಸಿ, ಪ್ರತಿಯೊಬ್ಬರಿಗೂ ಹನ್ನೆರಡು ಕೈಗಳ ಹನ್ನೆರಡು ತುಂಡು ಸಿಗುವಂತೆ ಹಿಂದೆ ಕಳಿಸಬೇಕು.

ಹತ್ತು ಇಂಚಿನ ಚೌಕ ಅನುಕೂಲ. ಸುತ್ತಲೂ ಅರ್ಧ ಇಂಚು ಹೊಲಿಗೆಗೆ ಹೋದರೆ ಒಂಬತ್ತು ಇಂಚು ಉಳಿಯುತ್ತದೆ. ಅಡ್ಡಕ್ಕೆ ಮೂರು, ಉದ್ದಕ್ಕೆ ನಾಲ್ಕು ಜೋಡಿಸಿದರೆ 27 ಇಂಚಿಗೆ 36 ಇಂಚು. ಸುತ್ತ ನಾಲ್ಕು ಇಂಚಿನ ಅಂಚು ಕೊಟ್ಟರೆ 35 ಇಂಚಿಗೆ 44 ಇಂಚು. ತೊಟ್ಟಿಲ ಮಗುವಿಗೆ ಧಾರಾಳ ಸಾಕು. ತುಂಡನ್ನು ಇಡಿಯಾಗಿಯೇ ಕತ್ತರಿಸಬಹುದು. ಚಂದ ಬೇಕೆಂದರೆ ಐದೂವರೆ ಇಂಚಿನ ನಾಲ್ಕು ಚೌಕ ಸೇರಿಸಿ, ಹೊಲಿಗೆ ಕಳೆದು ಸರಿಯಾಗಿ ಹತ್ತು ಇಂಚು ಬರುತ್ತದೆ.

ಐದೂವರೆ ಮೀಟರಿನ ಒಂದು ಹಳೆ ಹತ್ತಿ ಸೀರೆಯಲ್ಲಿ ಸವೆದ ಭಾಗ ಬಿಟ್ಟರೂ ನಲವತ್ತು ಚೌಕ ಸಿಗುವುದು ಕಷ್ಟವಲ್ಲ. ಅಳತೆಗೆ ರಟ್ಟಿನಲ್ಲಿ ಒಂದು ಅಚ್ಚು ಮಾಡಿಟ್ಟುಕೊಳ್ಳಿ. ಒಂದೊಂದು ತುಂಡಿನಲ್ಲಿ ಕಾಲು ಇಂಚು ತಪ್ಪಿದರೆ ನಾಲ್ಕು ತುಂಡಿನ ಸಾಲಿನಲ್ಲಿ ಒಂದು ಇಂಚು ತಪ್ಪುತ್ತದೆ.

ಕ್ಯಾನಿಗೆ ಸುರಿಯುವ ಮೊದಲಿನ ಪರೀಕ್ಷೆ

ಸಂಘದಲ್ಲಿ ನಿಮ್ಮ ಹಾಲನ್ನು ಪರೀಕ್ಷಿಸದೆ ಕ್ಯಾನಿಗೆ ಸುರಿಯುವುದಿಲ್ಲ. ಒಬ್ಬರ ಹುಳಿ ಹಾಲು ಎಲ್ಲರ ಹಾಲನ್ನು ಕೆಡಿಸುತ್ತದೆ. ಬಟ್ಟೆಯದ್ದೂ ಹಾಗೆಯೇ. ಬಣ್ಣ ಬಿಡುವ ಒಂದು ಕೆಂಪು ತುಂಡು ಸಾಕು, ಮೊದಲ ಒಗೆತಕ್ಕೇ ಇತರ ಹನ್ನೊಂದು ಮಂದಿಯ ಶ್ರಮ ಹಾಳು. ಆದ್ದರಿಂದ ಕಳಿಸುವ ಮೊದಲು ಇಷ್ಟು ನೋಡಿ:

• ಹೊಸ ಬಟ್ಟೆಯಾದರೂ ಮೊದಲು ಒಗೆಯಿರಿ. ಹತ್ತಿ ಬಟ್ಟೆ ನೀರಿಗೆ ಕುಗ್ಗುತ್ತದೆ. ಕತ್ತರಿಸುವುದು ಆಮೇಲೆ.

• ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಿಳಿಗೆ ಬಣ್ಣ ಹತ್ತಿದರೆ ಆ ತುಂಡು ಬೇಡ.

• ಗಂಜಿ ಹಾಕಿದ ಬಟ್ಟೆಗೆ ಹುಳ ಬೀಳುತ್ತದೆ. ಗಂಜಿ ಪೂರ್ತಿ ಹೋಗುವಂತೆ ತೊಳೆಯಿರಿ.

• ಹತ್ತಿಯ ಜೊತೆ ನೈಲಾನ್, ಪಾಲಿಯೆಸ್ಟರ್ ಬೆರೆಸಬೇಡಿ. ಇಸ್ತ್ರಿಗೆ ಕರಗುತ್ತದೆ, ಮಗುವಿನ ಮೈಗೂ ಹಿತವಲ್ಲ.

• ಬೆಳಕಿಗೆ ಹಿಡಿದು ನೋಡಿ. ಸವೆದು ಜಾಳಾದ ಕಡೆ ಹೊಲಿಗೆ ನಿಲ್ಲುವುದಿಲ್ಲ.

ನಿಮ್ಮ ಮಗುವಿಗೆ ಹೊದಿಸಲು ನೀವು ಒಪ್ಪದ ಬಟ್ಟೆಯನ್ನು ಇನ್ನೊಬ್ಬಳ ಮಗುವಿಗೆ ಕಳಿಸಬೇಡಿ. ಇಷ್ಟು ನೆನಪಿದ್ದರೆ ಬೇರೆ ನಿಯಮ ಬೇಕಿಲ್ಲ.

ಅಂಚೆಗೆ ಹಾಕುವಾಗ

ನಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಕಷ್ಟ. ಅರೆಬರೆ ಒಣಗಿದ ಬಟ್ಟೆ ಕಟ್ಟಿನೊಳಗೆ ಬೂಸ್ಟು ಹಿಡಿಯುತ್ತದೆ. ಹೊಲಿಯುವ ಕೆಲಸ ಮಳೆಗಾಲಕ್ಕೆ ಇಟ್ಟುಕೊಳ್ಳಿ, ಕಳಿಸುವುದನ್ನು ದೀಪಾವಳಿಯ ನಂತರದ ಬಿಸಿಲಿಗೆ ಇಟ್ಟುಕೊಳ್ಳಿ. ಒಂದು ದಿನ ಅಂಗಳದಲ್ಲಿ ಒಣಗಿಸಿ, ತಣಿದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದರ ಮೇಲೆ ಗಟ್ಟಿ ಕಾಗದದ ಹೊದಿಕೆ ಹಾಕಿ. ಪ್ರೀತಿಯಿಂದ ಹಪ್ಪಳವನ್ನೋ ಸಂಡಿಗೆಯನ್ನೋ ಜೊತೆಗೆ ಇಡುವ ಮನಸ್ಸಾಗಬಹುದು. ಇರುವೆಗೂ ಅದು ಪ್ರೀತಿ, ಬೇಡ.

ವಿಳಾಸದ ಜೊತೆ ಫೋನ್ ನಂಬರ್ ಮತ್ತು ಆರು ಅಂಕಿಯ ಪಿನ್ ಕೋಡ್ ತಪ್ಪದೆ ಬರೆಯಿರಿ. ಒಂದೇ ಹೆಸರಿನ ಊರುಗಳು ಎಷ್ಟೋ ಇವೆ, ಕಟ್ಟು ದಾರಿ ತಪ್ಪದಂತೆ ಕಾಯುವುದು ಆ ಆರು ಅಂಕಿ. ಕಟ್ಟಿನ ಒಳಗೂ ವಿಳಾಸ ಬರೆದ ಒಂದು ಚೀಟಿ ಇಡಿ, ಮೇಲಿನದು ಹರಿದರೆ ಅದು ಉಪಕಾರಕ್ಕೆ ಬರುತ್ತದೆ. ಹಿಂದಿನ ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಸ್ಪೀಡ್ ಪೋಸ್ಟ್ ರಸೀದಿಯಲ್ಲಿರುವ ನಂಬರಿನಿಂದ ಕಟ್ಟು ಎಲ್ಲಿಗೆ ತಲುಪಿತು ಎಂದು ನೋಡಬಹುದು. ರಸೀದಿಯ ಫೋಟೋ ತೆಗೆದು ಪಡೆಯುವವರಿಗೆ ವಾಟ್ಸಾಪಿನಲ್ಲಿ ಕಳಿಸಿ.

ಲೆಕ್ಕ ಚೊಕ್ಕವಿದ್ದರೆ ಸ್ನೇಹ ಗಟ್ಟಿ

ವಿನಿಮಯ ಮುರಿಯುವುದು ಬಟ್ಟೆಯಿಂದಲ್ಲ, ಮಾತಿನಿಂದ. ಒಬ್ಬಳು ಕಳಿಸಿದಳು, ಇನ್ನೊಬ್ಬಳು ಕಳಿಸಲಿಲ್ಲ ಎಂದಾದರೆ ಮನಸ್ಸು ಒಡೆಯುತ್ತದೆ. ಆರಂಭದಲ್ಲೇ ದಿನಾಂಕ ನಿಶ್ಚಯಿಸಿ. ದನ ಕರು ಹಾಕಿತು, ಅತ್ತೆಗೆ ಹುಷಾರಿಲ್ಲ, ಹೀಗೆ ತಡವಾಗುವುದು ಸಹಜ. ತಡವಾದರೆ ಒಂದು ಫೋನ್ ಮಾಡಿ. ಎಲ್ಲರ ತುಂಡು ಕೈಸೇರಿದ ಮೇಲೆಯೇ ಹಂಚುವುದು ಒಳ್ಳೆಯದು, ಆಗ ಕಳಿಸದವರಿಂದ ಕಳಿಸಿದವರಿಗೆ ನಷ್ಟವಿಲ್ಲ.

ಹಿಂದೆ ಕಳಿಸುವ ಅಂಚೆ ಖರ್ಚನ್ನು ಜವಾಬ್ದಾರಿ ಹೊತ್ತವಳ ತಲೆಗೆ ಹಾಕಬೇಡಿ. ಪ್ರತಿಯೊಬ್ಬರೂ ತಮ್ಮ ಪಾಲನ್ನು ಮೊದಲೇ ಕೊಡಲಿ, ಒಂದು ಪುಸ್ತಕದಲ್ಲಿ ಬರೆದಿಡಲಿ. ಸಂಘದ ಹಣವನ್ನು ಇದಕ್ಕೆ ಬೆರೆಸಲೇಬಾರದು. ವಿನಿಮಯದಲ್ಲಿ ಬಂದ ತುಂಡುಗಳ ಕೌದಿಯನ್ನು ಮಾರುವ ಯೋಚನೆಯಿದ್ದರೆ ಅದನ್ನು ಮೊದಲೇ ಎಲ್ಲರಿಗೂ ಹೇಳಿ ಒಪ್ಪಿಗೆ ಪಡೆಯಿರಿ. ಅದರಲ್ಲಿ ಹನ್ನೊಂದು ಮಂದಿಯ ದುಡಿಮೆ ಇದೆ.

ತುಂಡಿನ ಹಿಂಬದಿಯಲ್ಲಿ ನಿಮ್ಮ ಹೆಸರು, ಊರು, ವರ್ಷವನ್ನು ದಾರದಲ್ಲಿ ಹೊಲಿಯಿರಿ. ಜೊತೆಗೆ ಒಂದು ಚೀಟಿ: ಇದು ಯಾರ ಸೀರೆ, ಯಾವಾಗ ಉಟ್ಟದ್ದು. ತೀರಿಹೋದ ತಾಯಿಯ ಸೀರೆ ಪೆಟ್ಟಿಗೆಯಲ್ಲೇ ಮಡಿಕೆ ಹರಿದು ಹೋಗುವುದಕ್ಕಿಂತ, ಅವರು ಕಾಣದ ಹನ್ನೊಂದು ಊರಿನ ಮಕ್ಕಳಿಗೆ ಬೆಚ್ಚಗಾಗುವುದು ಮೇಲಲ್ಲವೇ? ಒಂದು ತುಂಡು ನಿಮಗೆ ಉಳಿದೇ ಉಳಿಯುತ್ತದೆ.

ಉಳಿದ ಚೂರೂ ಹಾಳಲ್ಲ

ಕೌದಿಗೆ ಆಗದ ಮೆತ್ತನೆಯ ಹತ್ತಿ ಬಟ್ಟೆಯನ್ನು ಕೈವಸ್ತ್ರದಷ್ಟು ಕತ್ತರಿಸಿ, ಕುದಿಸಿ, ಒಣಗಿಸಿ ಇಡಿ. ಹಾಲು ಕರೆಯುವ ಮೊದಲು ಕೆಚ್ಚಲು ಒರೆಸಲು ಉತ್ತಮ. ಒಂದು ದನಕ್ಕೆ ಉಪಯೋಗಿಸಿದ್ದನ್ನು ತೊಳೆಯದೆ ಇನ್ನೊಂದಕ್ಕೆ ಬೇಡ, ಕೆಚ್ಚಲು ಬಾವು ಹರಡುವ ದಾರಿಗಳಲ್ಲಿ ಅದೂ ಒಂದು. ಪೂರ್ತಿ ಹಳತಾದ ಕೌದಿಯನ್ನು ಒಗೆದು ಒಣಗಿಸಿ ಇಟ್ಟರೆ ಮಳೆಗಾಲದಲ್ಲಿ ಹುಟ್ಟಿದ ಕರುವಿನ ಮೈ ಒರೆಸಿ ಬೆಚ್ಚಗಿಡಲು ಆಗುತ್ತದೆ.

ಮುಂದಿನ ಸಲ ಡೈರಿಗೆ ಹೋದಾಗ ಪಕ್ಕದಲ್ಲಿ ನಿಂತ ಅಕ್ಕನ ಬಳಿ ಈ ಮಾತು ತೆಗೆಯಿರಿ. ಬೇರೆ ಊರಿಗೆ ಮದುವೆಯಾಗಿ ಹೋದ ತಂಗಿಯೋ, ಮಗಳೋ ಇದ್ದರೆ ಅವಳೇ ನಿಮ್ಮ ಮೊದಲ ವಿಳಾಸ. ಬೀಡಿ ಕಟ್ಟಿ, ಹುಲ್ಲು ತಂದು, ಹಟ್ಟಿ ತೊಳೆದು ಉಳಿದ ಅರ್ಧ ಗಂಟೆ ನಿಮ್ಮದು. ದಿನಕ್ಕೆ ಒಂದು ತುಂಡು ಹೊಲಿದರೂ ಹನ್ನೆರಡು ದಿನದಲ್ಲಿ ಕಟ್ಟು ತಯಾರು.