ತಿರುಗದ ಬೈಕ್ ಸ್ಕ್ರೂ: ಒಮ್ಮೆ ಜಾರಿದರೆ ಅಲ್ಲಿಗೇ ನಿಲ್ಲಿಸಿ

ನಮ್ಮ ಬೆಳ್ಮಣ್ ಕಡೆ ಬೈಕ್ ಅಂದ್ರೆ ಪೇಟೆಗೆ ಹೋಗಿ ಬರ್ಲಿಕ್ಕೆ ಮಾತ್ರ ಅಲ್ಲ. ಬೆಳಿಗ್ಗೆ ಡೈರಿಗೆ ಹಾಲು, ಬರುವಾಗ ಹಿಂಡಿ, ಮಳೆಗಾಲದಲ್ಲಿ ಅಡಿಕೆಗೆ ಬಿಡುವ ಮೈಲುತುತ್ತು, ಎಲ್ಲ ಅದರಲ್ಲೇ. ಹೋದ ಆಟಿ ತಿಂಗಳಲ್ಲಿ ಮುಂದಿನ ಡಿಸ್ಕ್ ಬ್ರೇಕ್ ಮೆತ್ತಗಾಯ್ತು. ಬ್ರೇಕ್ ಆಯಿಲ್ ನಾನೇ ಬದಲಾಯಿಸುವ ಅಂತ ಹ್ಯಾಂಡಲ್ ಮೇಲಿನ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದೆ. ಇರುವುದು ಎರಡೇ ಸ್ಟಾರ್ ಸ್ಕ್ರೂ. ಒಂದು ಬಂತು, ಇನ್ನೊಂದು ಟಕ್ ಅಂತ ಜಾರಿತು. ಹಠಕ್ಕೆ ಮತ್ತೆ ನಾಲ್ಕು ಸಲ ತಿರುಗಿಸಿದೆ. ಸ್ಕ್ರೂ ತಲೆಯ ಗುಂಡಿ ಬಟ್ಟಲಿನ ಹಾಗೆ ಉರುಟಾಯ್ತು. ಬ್ರೇಕ್ ಸರಿ ಇಲ್ಲದ ಬೈಕನ್ನು ಮಳೆಯಲ್ಲಿ ಇಳಿಜಾರಿಗೆ ತೆಗೆಯುವ ಧೈರ್ಯ ಆಗ್ಲಿಲ್ಲ. ಮರುದಿನ ಹಾಲಿನ ಕ್ಯಾನ್ ಹಿಡ್ಕೊಂಡು ನಡೆದೇ ಹೋದೆ.

ಸ್ಕ್ರೂ ಕಚ್ಚುವುದು ಬರೀ ತುಕ್ಕಿನಿಂದಲ್ಲ. ಡಬ್ಬಿ, ಇಂಜಿನ್ ಕವರ್ ಅಲ್ಯೂಮಿನಿಯಂ, ಸ್ಕ್ರೂ ಕಬ್ಬಿಣದ್ದು. ಎರಡರ ನಡುವೆ ನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಹುಡಿಯಾಗಿ ಎಳೆಯನ್ನು ಬಿಗಿಯಾಗಿ ಹಿಡಿದುಕೊಳ್ತದೆ. ಕಡಲು ಹತ್ತಿರ ಇರುವ ಊರಿನಲ್ಲಿ ಗಾಳಿಯ ಉಪ್ಪು ಬೇರೆ. ಮೈಲುತುತ್ತು ಸಿಡಿದರೆ ಇನ್ನೂ ಬೇಗ ತಿಂದು ಹಾಕ್ತದೆ.

ಇನ್ನೊಂದು ಕಾರಣ ನಮ್ಮ ಸ್ಕ್ರೂ ಡ್ರೈವರ್. 1980ರ ದಶಕದಲ್ಲಿ ಹೀರೋ ಹೋಂಡಾದಂಥ ಕಂಪನಿಗಳ ಜೊತೆ ಜಪಾನಿನ ವಿನ್ಯಾಸ ಇಲ್ಲಿಗೆ ಬಂತು. ಜಪಾನಿನ ಜೆಐಎಸ್ ಸ್ಕ್ರೂ ನೋಡ್ಲಿಕ್ಕೆ ಮಾಮೂಲಿ ಫಿಲಿಪ್ಸ್ ಹಾಗೇ ಉಂಟು, ಆದರೆ ಗುಂಡಿಯ ಆಕಾರ ಸ್ವಲ್ಪ ಬೇರೆ. ತಲೆಯ ಮೇಲೆ ಸಣ್ಣ ಚುಕ್ಕಿ ಇದ್ದರೆ ಅದು ಜೆಐಎಸ್. ಫಿಲಿಪ್ಸ್ ಡ್ರೈವರಿನ ತುದಿ ತಳಕ್ಕೆ ತಾಗಿ ನಿಲ್ತದೆ, ಬದಿಗಳು ಸರಿಯಾಗಿ ಹಿಡಿಯುವುದಿಲ್ಲ. ಹಳೇ ಡ್ರೈವರಿನ ಚೂಪು ತುದಿಯನ್ನು ಸ್ವಲ್ಪವೇ ಅರೆದರೂ ಒಳಗೆ ಚೆನ್ನಾಗಿ ಕೂರ್ತದೆ.

ಹಾಗಾಗಿ ಮೊದಲ ಸಲ ಜಾರಿದ ಕೂಡಲೇ ಕೈ ತೆಗೀರಿ. ಸೂಜಿಯಿಂದ ಗುಂಡಿಯ ಕೆಸರು ತೆಗೆದು, ಸರಿಯಾದ ಸೈಜಿನ (ಹೆಚ್ಚಾಗಿ 2ನೇ ನಂಬರ್) ಡ್ರೈವರ್ ನೇರ ಇಟ್ಟು ಅದರ ಹಿಂಭಾಗಕ್ಕೆ ಸುತ್ತಿಗೆಯಿಂದ ನಾಲ್ಕೈದು ಹಗುರ ಪೆಟ್ಟು ಕೊಡಿ. ಎಳೆಯ ಹಿಡಿತ ಬಿಡುವುದೇ ಈ ಪೆಟ್ಟಿಗೆ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ತಿರುಗಿಸುವುದಕ್ಕಿಂತ ಒತ್ತುವ ಬಲ ಜಾಸ್ತಿ ಇರಲಿ. ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಇಂಜಿನ್ ಕವರಿಗೆ ಒಳ್ಳೆಯದು. ಬ್ರೇಕ್ ಡಬ್ಬಿಗೆ ಜೋರು ಪೆಟ್ಟು ಬೇಡ, ಒಡೆದೀತು.

ಇಂಜಿನ್ ಸ್ಕ್ರೂ ಆದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಇಂಜಿನ್ ಬಿಸಿ ಇರುವಾಗಲೂ ನೋಡ್ಬಹುದು, ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬೆಂಕಿ ಮಾತ್ರ ಹಿಡಿಯಬೇಡಿ, ಪಕ್ಕದಲ್ಲೇ ಪೆಟ್ರೋಲ್ ಉಂಟು. ಬ್ರೇಕ್ ಡಬ್ಬಿಗೆ ಸ್ಪ್ರೇ, ಡೀಸೆಲ್ ಯಾವುದೂ ಬೇಡ. ಒಂದು ಹನಿ ಒಳಗೆ ಹೋದರೂ ರಬ್ಬರ್ ಸೀಲ್ ಉಬ್ಬಿ ಬ್ರೇಕೇ ಕೆಡಬಹುದು.

ತಲೆ ಪೂರ್ತಿ ಹೋಗಿದ್ದರೆ? ನಾನು ಮಾಡಿದ್ದು ಹೀಗೆ: ಸಣ್ಣ ಚಿಸಲನ್ನು ತಲೆಯ ಅಂಚಿಗೆ ಇಟ್ಟು ಮೊದಲು ಒಂದು ಗೀರು ಬೀಳಿಸಿ, ಮತ್ತೆ ಅದೇ ಗೀರಿಗೆ ಓರೆಯಾಗಿ, ಸ್ಕ್ರೂ ಬಿಚ್ಚುವ ದಿಕ್ಕಿಗೆ ಮೆಲ್ಲ ತಟ್ಟಿದೆ. ಆರೇಳು ಪೆಟ್ಟಿಗೆ ಕದಲಿತು. ಬಾರದಿದ್ದರೆ ಡ್ರಿಲ್ಲಿನಿಂದ ತಲೆಯಷ್ಟನ್ನೇ ಕೊರೆದು ತೆಗೀಬೇಕು. ಮುಚ್ಚಳ ಎತ್ತಿದ ಮೇಲೆ ಉಳಿದ ಕಡ್ಡಿ ವೈಸ್ ಗ್ರಿಪ್ಪಿಗೆ ಸಿಗ್ತದೆ. ಎತ್ತುವ ಮೊದಲು ಕಬ್ಬಿಣದ ಹುಡಿ ಪೂರಾ ಒರೆಸಿ. ಸ್ಕ್ರೂ ಎಕ್ಸ್‌ಟ್ರಾಕ್ಟರ್ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಸಪೂರದ್ದು ಒಳಗೆ ಮುರಿದರೆ ಅದನ್ನು ಮಾಮೂಲಿ ಡ್ರಿಲ್ ಕೊರೆಯುವುದಿಲ್ಲ, ಲೇತಿನವರ ಹತ್ತಿರವೇ ಹೋಗ್ಬೇಕು.

ಹಾಳಾದ ಸ್ಕ್ರೂವನ್ನೇ ಪುನಃ ಹಾಕುವ ಜಿಪುಣತನ ಬೇಡ ಮಾರಾಯ್ರೆ. ಎರಡೂ ಹೊಸತು ಹಾಕಿ, ಎಳೆಗೆ ಚೂರು ಗ್ರೀಸ್ ಸವರಿ, ಹದವಾಗಿ ಬಿಗಿ ಮಾಡಿ. ಮುಚ್ಚಳದ ಮೇಲೆ ಬರೆದ ಡಾಟ್ ನಂಬರಿನ ಬ್ರೇಕ್ ಆಯಿಲನ್ನೇ ಬಳಸಿ. ಅದು ಪೇಂಟಿಗೆ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ. ಲಿವರ್ ಒತ್ತಿ ಗಟ್ಟಿ ಸಿಕ್ಕಿದ ಮೇಲೇ ಬೈಕ್ ರಸ್ತೆಗೆ ಇಳಿಸಿ. ಮದ್ದು ಬಿಟ್ಟು ಬಂದ ದಿನ ಬೈಕಿಗೂ ಎರಡು ಕೊಡ ನೀರು ಹೊಯ್ಯಿರಿ, ಹುಲ್ಲು ಕತ್ತರಿಸುವ ಮಿಷನ್ನಿಗೂ ಸ್ಪ್ರೇಯರಿಗೂ ಹಾಗೇ ಒಮ್ಮೆ ಒದ್ದೆ ಬಟ್ಟೆ ಆಡಿಸಿ.