ಟೂ ಬೈ ಟೂ: ಕಚೇರಿ ಸೂರಿನ ಚೌಕ ಬೆಳಕು

ಫಾಲ್ಸ್ ಸೀಲಿಂಗ್‌ನ ‘ಟೂ ಬೈ ಟೂ’, ಅಂದರೆ ಎರಡಡಿ ಚೌಕದ ಲೈಟಿನ ಅಳತೆಯನ್ನು ಗೊತ್ತುಮಾಡಿದ್ದು ದೀಪವಲ್ಲ, ಸೀಲಿಂಗು. ಮೊದಲು ಅಂಥ ಸೀಲಿಂಗ್ ಇಲ್ಲಿರಲಿಲ್ಲ; ಗೌರಿಬಿದನೂರು, ಚಿಂತಾಮಣಿ ಸೀಮೆಯ ಹಳೆಯ ಕಟ್ಟಡಗಳ ಸೂರು ಕಲ್ಲು ಚಪ್ಪಡಿಯದು. ಕರೆಂಟು ಬಂದಾಗ ವೈರು ಗೋಡೆಗುಂಟ ಮರದ ಪಟ್ಟಿಯ ಮೇಲೆ ಹರಿಯಿತು. ಆರ್‌ಸಿಸಿ ಬಂದ ಮೇಲೆ ಟ್ಯೂಬ್‌ಲೈಟಿನ ಪಟ್ಟಿಯನ್ನು ನೇರ ಸೂರಿಗೋ ಗೋಡೆಗೋ ಸ್ಕ್ರೂ ಹಾಕಿ ಕೂರಿಸಲಾಯಿತು. ಏಸಿ ಕೊಳವೆ, ಕಂಪ್ಯೂಟರ್ ಕೇಬಲ್ಲುಗಳು ಕಚೇರಿಗೆ ಬಂದಾಗ ಅವನ್ನು ಮರೆಸಲು ಸೂರಿನ ಕೆಳಗೆ ಇನ್ನೊಂದು ಸೂರು ಬೇಕಾಯಿತು.

ಅಂಥ ತೂಗು ಸೂರು ಅಮೆರಿಕದಲ್ಲಿ ಮೊದಲೇ ಇತ್ತು. ಆದರೆ ಅದರ ಹಲಗೆಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತಿದ್ದವು. ನಡುವಿನದೊಂದು ಬೇಕೆಂದರೆ ಅಂಚಿನಿಂದ ಬಿಚ್ಚುತ್ತ ಬರಬೇಕಿತ್ತು. ಒಹಾಯೋದ ಡೊನಾಲ್ಡ್ ಬ್ರೌನ್ 1958ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ವ್ಯವಸ್ಥೆಯಲ್ಲಿ ಯಾವ ಹಲಗೆಯನ್ನಾದರೂ ಕೆಳಗಿನಿಂದ ಎತ್ತಿ ತೆಗೆಯಬಹುದಾಯಿತು. ಇಂದು ಎಲೆಕ್ಟ್ರಿಷಿಯನ್ ಏಣಿ ಹತ್ತಿ, ಒಂದು ಟೈಲ್ ಸರಿಸಿ, ಕೈ ತೂರಿಸಿ ಕೆಲಸ ಮುಗಿಸುವುದು ಈ ಸರಳ ಉಪಾಯದಿಂದಲೇ.

1938ರಲ್ಲಿ ಮಾರುಕಟ್ಟೆಗೆ ಬಂದಿದ್ದ ಟ್ಯೂಬ್‌ಲೈಟು ಒಂದು ಹಲಗೆ ತೆಗೆದ ಎರಡಡಿ ಚೌಕಕ್ಕೆ ಹೊಂದಿಕೊಂಡಿತು. ಎರಡಡಿಯ ನಾಲ್ಕು ಟ್ಯೂಬು, ತಲಾ 18 ವ್ಯಾಟ್. ಚೋಕ್ ಕುಡಿಯುವ ಕರೆಂಟೂ ಸೇರಿದರೆ ಒಂದು ಲೈಟಿಗೆ 80 ವ್ಯಾಟಿಗೂ ಮೇಲೆ. ಈ ಖರ್ಚನ್ನು ಇಳಿಸಿದ್ದು ಎಲ್‌ಇಡಿ. ದಕ್ಷ ನೀಲಿ ಎಲ್‌ಇಡಿ ಕಂಡುಹಿಡಿದ ವಿಜ್ಞಾನಿಗಳಾದ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಬಿಳಿ ಎಲ್‌ಇಡಿ ಸಾಧ್ಯವಾದದ್ದು ಆ ನೀಲಿಯಿಂದ. 2015ರಲ್ಲಿ ಶುರುವಾದ ಕೇಂದ್ರದ ಉಜಾಲಾ ಮತ್ತು ರಾಜ್ಯದ ‘ಹೊಸ ಬೆಳಕು’ ಯೋಜನೆಗಳು ಎಲ್‌ಇಡಿ ಬಲ್ಬನ್ನು ಮನೆಮನೆಗೆ ತಲುಪಿಸಿದವು. ಕಚೇರಿಯಲ್ಲಿ ಹಳೆಯ ಟೂ ಬೈ ಟೂ ಜಾಗಕ್ಕೆ 36 ವ್ಯಾಟಿನ ಪ್ಯಾನಲ್ ಬಂತು. 20 ಲೈಟುಗಳು ದಿನಕ್ಕೆ 8 ಗಂಟೆ ಉರಿಯುವ ಕಡೆ ಇದರಿಂದ ನಿತ್ಯ ಸುಮಾರು 7 ಯೂನಿಟ್ ಉಳಿತಾಯ.

ಬದಲಾಯಿಸುವ ಕೆಲಸ ಎಂಸಿಬಿ ಇಳಿಸುವುದರಿಂದ ಶುರು. ಗೋಡೆಯ ಸ್ವಿಚ್ಚನ್ನಷ್ಟೇ ನಂಬುವಂತಿಲ್ಲ. ಸ್ವಿಚ್ ತಪ್ಪಾಗಿ ನ್ಯೂಟ್ರಲ್ ವೈರಿಗೆ ಬಿದ್ದಿದ್ದರೆ, ಲೈಟು ಆರಿದರೂ ಫೇಸ್ ಜೀವಂತ. ಟೆಸ್ಟರ್ ಹಿಡಿದು ಖಾತ್ರಿಪಡಿಸಿಕೊಂಡ ಮೇಲೆಯೇ ವೈರು ಮುಟ್ಟಬೇಕು. ಮೊದಲು ಟ್ಯೂಬು, ಆಮೇಲೆ ಪೆಟ್ಟಿಗೆ, ಅದರೊಂದಿಗೆ ಚೋಕ್ ಇಳಿಯುತ್ತವೆ. ಪ್ಯಾನಲ್ಲಿಗೆ ಚೋಕ್ ಬೇಡ, ಎಲ್‌ಇಡಿಗೆ ತಕ್ಕಂತೆ ಕರೆಂಟನ್ನು ಹದಗೊಳಿಸುವ ಅದರದೇ ಡ್ರೈವರ್ ಇರುತ್ತದೆ.

ಮುಗ್ಗರಿಸುವುದು ಅಳತೆಯಲ್ಲಿ. ಮಾರುಕಟ್ಟೆಯ ಪ್ಯಾನಲ್ ಸಾಮಾನ್ಯವಾಗಿ 595 ಮಿಲಿಮೀಟರ್, 600ರ ಚೌಕಕ್ಕೆ ಮಾಡಿದ್ದು. ಎರಡಡಿ ಎಂದರೆ ಸುಮಾರು 610. ಅಡಿ ಲೆಕ್ಕದಲ್ಲಿ ಕಟ್ಟಿದ ಸೀಲಿಂಗಿನಲ್ಲಿ ಟೈಲ್ ಹೊರುವ ಟೀ ಆಕಾರದ ಪಟ್ಟಿ 24 ಮಿಲಿಮೀಟರ್ ಅಗಲವಿದ್ದರೆ ಪ್ಯಾನಲ್ಲಿಗೆ ಆಸರೆ ಪ್ರತಿ ಬದಿಗೆ ಐದು ಮಿಲಿಮೀಟರೂ ಇಲ್ಲ; 15ರ ಪಟ್ಟಿಯಾದರೆ ಕೂರುವುದೇ ಇಲ್ಲ. ಒಂದು ಚೌಕ ಅಳೆದು ನೋಡದೆ ಡಜನ್ನುಗಟ್ಟಲೆ ತರಿಸಬಾರದು. ಅಳತೆ ಸರಿಯಿದ್ದರೂ ಟೀ ಪಟ್ಟಿ ಟೈಲ್ ಹೊರಲು ಮಾಡಿದ್ದು. ಲೈಟಿನ ಮೂಲೆಗಳಿಂದ ಮೇಲಿನ ಸ್ಲ್ಯಾಬಿಗೆ ತಂತಿ ಕಟ್ಟಬೇಕು. ಕೆಳಗೆ ಕೂತವರ ತಲೆ ಕಾಯುವ ಈ ತಂತಿ ಯಾರ ಕಣ್ಣಿಗೂ ಬೀಳದು, ಬಿಟ್ಟುಹೋಗುವುದೂ ಅದಕ್ಕೇ.

ಡ್ರೈವರಿಗೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ನೋಂದಣಿ ಕಡ್ಡಾಯ, ಅದನ್ನು ನೋಡಿಯೇ ಕೊಳ್ಳಬೇಕು. ಕಳಪೆ ಡ್ರೈವರ್ ಬೇಗ ಕೆಡುವುದಲ್ಲದೆ ರೇಡಿಯೊ ಗದ್ದಲವನ್ನೂ ಹೊಮ್ಮಿಸುತ್ತದೆ. 34.5 ಮೆಗಾಹರ್ಟ್ಸ್‌ನ ಕ್ಷೀಣ ಆಕಾಶ ಸಂಕೇತಗಳಿಗಾಗಿ 1970ರ ದಶಕದಲ್ಲಿ ರೇಡಿಯೊ ದೂರದರ್ಶಕ ಕಟ್ಟಿದ ಗೌರಿಬಿದನೂರು ತಾಲ್ಲೂಕಿಗೆ ಇದು ಸಣ್ಣ ವಿಷಯವಲ್ಲ.

ಇಳಿಸಿದ ಟ್ಯೂಬುಗಳಲ್ಲಿ ತಲಾ ಕೆಲವು ಮಿಲಿಗ್ರಾಂ ಪಾದರಸವಿದೆ. ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದದ ದೇಶಗಳು 2023ರಲ್ಲಿ ಜಿನೀವಾದಲ್ಲಿ ಸೇರಿ, 2027ರೊಳಗೆ ಇವುಗಳ ತಯಾರಿಕೆ ಮತ್ತು ಆಮದು–ರಫ್ತು ನಿಲ್ಲಿಸಲು ನಿರ್ಧರಿಸಿದವು. ಸೂರಿನಲ್ಲಿ ಈಗಾಗಲೇ ಇರುವವು ಭಾರತದ ನಿಯಮದಂತೆ ಇ-ತ್ಯಾಜ್ಯ. ಒಡೆಯದಂತೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅಧಿಕೃತ ಸಂಗ್ರಹಕಾರರಿಗೆ ಒಪ್ಪಿಸಬೇಕು. ತಗಡಿನ ಪೆಟ್ಟಿಗೆ ಮತ್ತು ಚೋಕಿನ ತಾಮ್ರ ಗುಜರಿಯಲ್ಲಿ ಬೆಲೆ ತರುತ್ತವೆ.